ನೀರು ಕುಡಿಯದ ತಲವಾರು

ಜಪಾನಿನ ಕುಲುಮೆ ಕಟ್ಟಿಕೊಡು ಎಂದರೆ ಕಾಶೆಪ್ಪ ಮದುವೆಯ ಮಂಟಪ ಕಟ್ಟಿ ನಿಲ್ಲಿಸಿದ್ದ.

ಶಿವಕಾಂತಾ ದಾಲ್ ಮಿಲ್ಲಿನ ಬಾಗಿಲಲ್ಲೇ ನಿಂತು ನೋಡಿದಳು. ನಾಲ್ಕು ಮೂಲೆಗೆ ನಾಲ್ಕು ಕಂಬ, ಕಂಬಕ್ಕೆ ಸುತ್ತಿದ ಬಳ್ಳಿ, ಬಳ್ಳಿಗೆ ಥರ್ಮಾಕೋಲಿನ ಹೂವು, ಮೇಲೆ ಕಮಾನು, ಕಮಾನಿನ ನಡುಮಧ್ಯೆ ಗಣಪತಿಯನ್ನು ಕೂಡಿಸಲು ಒಂದು ಗೂಡು. ಒಳಗೆ, ಮದುಮಕ್ಕಳ ಕುರ್ಚಿ ಇರಬೇಕಾದ ಜಾಗದಲ್ಲಿ, ಅಡಿಗಲ್ಲು.

"ಕಾಶೆಪ್ಪಾ, ಏನಿದು?"

"ಕುಲಿಮಿ ರೀ ಬಾಯಿ."

"ಈ ಕುಲಿಮಿಯೊಳಗ ಯಾರದದ ಲಗ್ನ?"

ಕಾಶೆಪ್ಪ ತಲೆ ಕೆರೆದುಕೊಂಡ. "ಹೂವು ಬ್ಯಾಡಂದ್ರ ಕಿತ್ತು ಒಗೀತೀನ್ರೀ. ಗೂಡು ಇರ್ಲಿ. ಜಪಾನಿ ಮಂದಿ ಆದ್ರೇನು, ಕೆಲಸಾ ಚಾಲು ಮಾಡೂ ಮುಂದ ಅವ್ರಿಗೂ ಒಬ್ಬ ದೇವ್ರು ಬೇಕಲ್ಲ?"

ಸಿಟ್ಟು ಬರಿಸುವ ಸಂಗತಿಯೆಂದರೆ ಆ ಮಾತು ನಿಜವಾಗಿತ್ತು. ಜಪಾನಿನ ಕತ್ತಿ ಮಾಡುವವರ ಕುಲುಮೆಯಲ್ಲಿ ಗೋಡೆಯ ಎತ್ತರದಲ್ಲಿ ದೇವರದೊಂದು ಚಿಕ್ಕ ಗೂಡು ಇರುತ್ತದೆಂದು ಶಿವಕಾಂತಾ ತಾನೇ ಓದಿ, ನಕ್ಷೆಯಲ್ಲಿ ಅಳತೆ ಹಾಕಿ ಬರೆದುಕೊಟ್ಟಿದ್ದಳು. ಕಾಶೆಪ್ಪ ನಕ್ಷೆಯನ್ನು ನೋಡಿಯೇ ಇರಲಿಲ್ಲ. ಅದನ್ನು ಹಾಸಿಕೊಂಡು ಅದರ ಮೇಲೆ ಚುರುಮುರಿ ತಿಂದಿದ್ದ. ಎಣ್ಣೆಯ ಕಲೆ ಸರಿಯಾಗಿ ಆ ಗೂಡಿನ ಮೇಲೆಯೇ ಬಿದ್ದಿತ್ತು.

ಬರಗಾಲ ಬಿದ್ದು ಲಾತೂರಿಗೆ ರೈಲಿನಲ್ಲಿ ನೀರು ಬಂದ ಬೇಸಗೆ ಅದು. ಶಿವಕಾಂತಾ ಮಹಾರಾಷ್ಟ್ರದ ಗಡಿಯೂರು ಉದಗೀರಿನ ಒಂದು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಊರಿನ ಹವ್ಯಾಸಿ ನಾಟಕ ಮಂಡಳಿಗೆ ರಂಗಸಜ್ಜಿಕೆ ಮಾಡಿಕೊಡುವುದು ಅವಳ ಹುಚ್ಚು. ಮಂಡಳಿಯನ್ನು ನಡೆಸುತ್ತಿದ್ದವರು ಬಸವಣ್ಣೆಪ್ಪ, ಮೋಂಢಾ ಎಂಬ ಧಾನ್ಯದ ಪೇಟೆಯಲ್ಲಿ ಅಡತ್ಯಾ, ಅಂದರೆ ದಲಾಲಿ. ಆ ವರ್ಷ ಮೋಂಢಾಕ್ಕೆ ಬರುವ ಧಾನ್ಯವೇ ಇರಲಿಲ್ಲವಾಗಿ ಅವರು ಗಾದಿಯ ಮೇಲೆ ಕುಳಿತು ಪುಸ್ತಕ ಓದತೊಡಗಿದ್ದರು. ಜಪಾನಿನ ಜನಪದ ಕಥೆಗಳ ಯಾವುದೋ ಮರಾಠಿ ಪುಸ್ತಕ ಕೈಗೆ ಸಿಕ್ಕಿತು. ನಾಲ್ಕಾರು ಕಥೆಗಳನ್ನು ಒಂದೇ ಪಾತ್ರೆಯಲ್ಲಿ ಹಾಕಿ ಕಲೆಸಿ, ಮರಾಠಿಯಲ್ಲೇ ಒಂದು ನಾಟಕ ಬರೆದರು. ಅರಸನಿಗೆ ಖಡ್ಗ ಮಾಡಿಕೊಡಬೇಕಾದ ಒಬ್ಬ ಮುದಿ ಕಮ್ಮಾರ. ಎದುರು ನಿಂತು ಸುತ್ತಿಗೆ ಹಾಕಲು ಅವನಿಗೆ ಜೊತೆಗಾರನಿಲ್ಲ. ಆಗ ಕಾಡಿನ ನರಿಯೊಂದು ಮನುಷ್ಯರೂಪದಲ್ಲಿ ಬಂದು ಸುತ್ತಿಗೆ ಎತ್ತಿಕೊಳ್ಳುತ್ತದೆ. ಕೊನೆಯ ದೃಶ್ಯದಲ್ಲಿ ಕಾಯ್ದು ಕೆಂಪಾದ ಖಡ್ಗವನ್ನು ನೀರಿಗೆ ಇಳಿಸಬೇಕು. ನೀರು ಹದಕ್ಕಿಂತ ತಣ್ಣಗಿದ್ದರೆ ಉಕ್ಕು ಸೀಳುತ್ತದೆ, ಬೆಚ್ಚಗಿದ್ದರೆ ಅಂಚು ಮೊಂಡಾಗುತ್ತದೆ. ಆ ಹದ ನರಿಗೆ ಮಾತ್ರ ಗೊತ್ತು.

ಬೆಳಿಗ್ಗೆ ನರಿಯ ಮುಖ ನೋಡಿದರೆ ಅದೃಷ್ಟ ಎನ್ನುವ ಊರಿನಲ್ಲಿ ಈ ಕಥೆ ಯಾರಿಗೂ ಪರದೇಶದ್ದು ಅನ್ನಿಸಲಿಲ್ಲ. ಮುಚ್ಚಿದ ದಾಲ್ ಮಿಲ್ಲನ್ನು ನಾಟಕಕ್ಕೆ ಬಿಟ್ಟುಕೊಟ್ಟ ಮನ್ಮಥಪ್ಪ, ಜಾಗ ನನ್ನದು ಎಂಬ ಒಂದೇ ಕಾರಣಕ್ಕೆ ಕಮ್ಮಾರನ ಪಾತ್ರವನ್ನೂ ತಾವೇ ತೆಗೆದುಕೊಂಡರು.

ಶಿವಕಾಂತಾ ಮಾತ್ರ ಈ ಕುಲುಮೆಯನ್ನು ಪ್ರಯೋಗಶಾಲೆಯ ಉಪಕರಣದಂತೆ ಯೋಚಿಸಿ ಯೋಚಿಸಿ ಬರೆದಿದ್ದಳು. ನೆಲಕ್ಕೆ ಸಮನಾದ ಒಲೆ, ಪಕ್ಕದಲ್ಲಿ ಪೆಟ್ಟಿಗೆಯಂಥ ತಿದಿ. ಕಾಯ್ದ ಕಬ್ಬಿಣದ ಬಣ್ಣ ಕಣ್ಣಿಗೆ ಸರಿಯಾಗಿ ಕಾಣಬೇಕೆಂದು ಒಳಗೆಲ್ಲ ಕತ್ತಲೆ. ಅಪವಿತ್ರವಾದದ್ದು ಒಳಗೆ ಬಾರದಂತೆ ಬಾಗಿಲಿಗೆ ಹುಲ್ಲಿನ ದಪ್ಪ ಹಗ್ಗ, ಹಗ್ಗಕ್ಕೆ ಮಿಂಚಿನಂತೆ ಮಡಚಿದ ಬಿಳಿ ಕಾಗದ. ಮತ್ತು ಎಲ್ಲಕ್ಕೂ ಮುಂದೆ, ನೋಡುವವರಿಗೆ ಅಡ್ಡವಾಗಿ, ದನ ನೀರು ಕುಡಿಯುವ ದೋಣಿಯಂಥ ಒಂದು ಉದ್ದನೆಯ ದೋಣಿ. ಅದರಲ್ಲಿ ನೀರು ಇರಬೇಕು. ಬೆಂಕಿಯ ಬೆಳಕು ನೀರಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು, ಕಮ್ಮಾರನ ಮುಖದ ಮೇಲೆ ನಡುಗಬೇಕು. ಅವಳು ಮೊದಲು ಬರೆದದ್ದು ಆ ನಡುಗುವ ಬೆಳಕನ್ನೇ. ಉಳಿದ ಕುಲುಮೆಯನ್ನು ಅದರ ಸುತ್ತ ಕಟ್ಟಿದ್ದಳು.

ಹುಲ್ಲು ಸಿಗಲಿಲ್ಲ. ಊರ ಕಣಿಕೆಯೆಲ್ಲ ಬರಕ್ಕೆ ತೆರೆದ ದನಗಳ ಛಾವಣಿಗೆ, ಮೇವಿನ ಶಿಬಿರಕ್ಕೆ, ಹೋಗಿತ್ತು. ಕಾಶೆಪ್ಪ ನಾರಿನ ಹಗ್ಗವನ್ನೇ ಮೂರು ಸುತ್ತು ಹೊಸೆದ. ಮಿಂಚಿನಂಥ ಕಾಗದ ಕತ್ತರಿಸು ಎಂದರೆ ಮಾವಿನ ಎಲೆಯ ತೋರಣ ಕತ್ತರಿಸಿದ. ಅವನು ಶಿರೂರ ಅನಂತಪಾಳದಿಂದ ಬಂದು ಉದಗೀರಿನಲ್ಲಿ ಮಂಟಪದ ಕೆಲಸಕ್ಕೆ ನಿಂತವನು. ಅವನ ಕೈ ಶುಭಕಾರ್ಯ ಬಿಟ್ಟು ಬೇರೇನನ್ನೂ ಅರಿಯದು. ನರಿಯ ಮುಖವಾಡ ಮಾಡಿದರೆ ಅದು ಮದುವೆಯ ಕುದುರೆಯ ಹಾಗೆ ನಗುತ್ತಿತ್ತು. ಶಿವಕಾಂತಾ ಎಲ್ಲವನ್ನೂ ಬಿಚ್ಚಿಸಿದಳು, ಮತ್ತೆ ಕಟ್ಟಿಸಿದಳು. ತಲವಾರನ್ನು ಕೈಗೆ ತೆಗೆದುಕೊಂಡರೆ ಅಂಗೈಯೆಲ್ಲ ಬೆಳ್ಳಗಾಯಿತು.

"ಇದಕ್ಕ ಏನು ಹಚ್ಚೀದಿ?"

"ಬೆಳ್ಳಿ ಪುಡಿ ರೀ. ಗೋಂದಿನ ನೀರಾಗ ಕಲಸಿ."

"ಇದನ್ನ ನೀರಾಗ ಅದ್ದೂದದ. ಒಂದ ಸೆಕೆಂಡಿನಾಗ ಬಣ್ಣೆಲ್ಲಾ ಬಿಟ್ಟು ಪ್ಲೈವುಡ್ ಕಾಣ್ತದ. ಎಣ್ಣಿ ಬಣ್ಣ ಹಚ್ಚು."

"ನಾಳಿ ಹಚ್ತೀನ್ರೀ."

ಕಾಶೆಪ್ಪನ ಪಂಚಾಂಗದಲ್ಲಿ ನಾಳೆ ಎಂಬ ದಿನವೊಂದು ಇತ್ತು. ಅದು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಸವಣ್ಣೆಪ್ಪ ಧೋತರದ ಚುಂಗು ಹಿಡಿದುಕೊಂಡು ಒಳಗೆ ಬಂದರು. ದೋಣಿಯನ್ನು ಒಮ್ಮೆ ಸುತ್ತು ಹಾಕಿ, "ಚೊಲೋ ಆಗ್ಯದ. ಒಳಗ ನೀಲಿ ಪಾತಳ ಹಾಸಿಬಿಡು, ನೀರಿನಂಗ ಕಾಣ್ತದ" ಎಂದರು.

"ಕಾಕಾ, ಸೀರಿ ಮ್ಯಾಲ ಬೆಳಕು ಬಿದ್ರ ಸೀರಿ ಕಾಣ್ತದ. ನೀರೇ ಬೇಕು."

"ಈ ಊರಾಗ? ನಳ ಬಂದು ಎಷ್ಟು ದಿನ ಆತು ಹೇಳು? ಮಂದಿ ಟ್ಯಾಂಕರ್ ಮುಂದ ಕೊಡ ಹಿಡಕೊಂಡು ಬಡಿದಾಡ್ಲತ್ತಾರ. ನೀ ಸ್ಟೇಜ್ ಮ್ಯಾಲ ನೀರು ನಿಂದ್ರಿಸಿ ಅದರಾಗ ಕಟಗಿ ತಲವಾರು ಅದ್ದತೀ ಅಂದ್ರ, ಮಂದಿ ಚಪ್ಪಾಳಿ ಹೊಡ್ಯಂಗಿಲ್ಲ, ಚಪ್ಪಲಿ ಹೊಡೀತಾರ."

"ಚೆಲ್ಲಂಗಿಲ್ಲ ಕಾಕಾ. ಹೆಂಗ ಹಾಕಿದೆವೋ ಹಂಗ ತೆಗೆದು ಕೊಡೂದು."

"ನಿನಗ ನೀರು ಬೇಕಾದ್ರ ನೀ ತಾ. ಮಂಡಳಿ ತರಂಗಿಲ್ಲ. ಇಲ್ಲಾಂದ್ರ ಪಾತಳ." ಹೊರಗೆ ಹೋಗುತ್ತ ಮತ್ತೆ ತಿರುಗಿ, "ನೀಲಿ ಬ್ಯಾಡಂದ್ರ ಹಸಿರು ಹಾಸು" ಎಂದು ಔದಾರ್ಯ ತೋರಿದರು.

ಅವಳು ಮನೆಗೆ ಬಂದವಳೇ ದಾಳಿಂಬದಲ್ಲಿದ್ದ ತಮ್ಮ ಶಿವರಾಯನಿಗೆ ಫೋನು ಹಚ್ಚಿದಳು. ಆ ಬೇಸಗೆಯಲ್ಲಿ ಅವನ ಟ್ರ್ಯಾಕ್ಟರು ನೀರಿನ ಟ್ಯಾಂಕರ್ ಎಳೆಯುತ್ತಿತ್ತು. ಲೈನು ಸರಿಯಿರಲಿಲ್ಲ, ಅವಳು ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಬೇಕಾಯಿತು.

"ಶಿವರಾಯಾ, ತಲವಾರಿಗೆ ನೀರು ಕುಡಿಸೂದದ! ನಾಕು ಕ್ಯಾನು ನೀರು ಬೇಕು!"

"ಅಕ್ಕಾ, ಇಲ್ಲಿ ದನಕ್ಕ ಕುಡಿಸ್ಲಿಕ್ಕ ಇಲ್ಲ."

"ಹೊಲಸು ನೀರು ನಡ್ಯಂಗಿಲ್ಲ. ತಿಳಿ ನೀರು ಬೇಕು. ನೀರು ಕುಡಿಸಲಿಲ್ಲಾಂದ್ರ ಮಾಡಿದ್ದೆಲ್ಲಾ ಹಾಳು! ನಿಲಂಗಾ ತನಕ ತಂದು ಆಫೀಸಿನಾಗ ನಿಮ್ಮ ಭಾವನ ಕೈಯಾಗ ಕೊಡು, ಅವರು ಶನಿವಾರ ಬರೂ ಮುಂದ ತರ್ತಾರ."

"ತಹಸೀಲದ ಮಂದಿ ನನ್ನ ಬೆನ್ನ ಹಿಂದ ಕುಂತಾರ. ಒಂದು ತಂಬಿಗಿ ಅತ್ತಿತ್ತ ಆದ್ರ ಲೈಸನ್ ಹೋಗ್ತದ. ಅಕ್ಕಾ, ನೀ ತಲವಾರಿಗಲ್ಲ, ನನಗ ನೀರು ಕುಡಿಸ್ಲತ್ತಿದಿ!"

ಅವನು ನಕ್ಕು ಫೋನಿಟ್ಟ. ಹೊಲದ ಊರಿನಲ್ಲಿ ಬೆಳೆದ ಅಕ್ಕತಮ್ಮಂದಿರಿಗೆ ಅದು ಬರಿಯ ಶ್ಲೇಷೆ. ದಾಳಿಂಬದ ಕಮ್ಮಾರ ಕುಡುಗೋಲು ಕಾಯಿಸಿ ನೀರಿಗೆ ಅದ್ದಿದರೆ ಅದು ನೀರು ಕುಡಿಸುವುದು. ಮನುಷ್ಯರನ್ನು ಹೈರಾಣ ಮಾಡಿದರೂ ನೀರು ಕುಡಿಸುವುದೇ. ಆದರೆ ಅಂಗಳದ ಮೂಲೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕುಳಿತಿದ್ದ ಅತ್ತೆ ಶಿವಗಂಗಾಬಾಯಿ ಕಿರಾಣಿ ಮನೆತನದಲ್ಲಿ ಹುಟ್ಟಿ ಕಿರಾಣಿ ಮನೆತನಕ್ಕೆ ಬಂದವರು. ಕುಲುಮೆಯ ಬಾಗಿಲು ಕಂಡವರಲ್ಲ. ಅವರು ಮಾತನ್ನು ಇದ್ದ ಹಾಗೇ ತೆಗೆದುಕೊಂಡರು. ತಲವಾರಿಗೆ ಬಾಯಾರಿಕೆಯಾಗಿದೆ. ಅದಕ್ಕೆ ನೀರು ಕುಡಿಸಬೇಕು. ಕುಡಿಸದಿದ್ದರೆ ಎಲ್ಲ ಹಾಳು.

"ಈ ವರ್ಷ ಗುರ್ಜಿ ಸುದ್ದಾ ಹೊಂಡಲಿಲ್ಲ" ಎಂದರು ಅವರು, ತಮಗೆ ತಾವೇ ಎನ್ನುವಂತೆ.

ಮಳೆ ತಪ್ಪಿದ ವರ್ಷ ರೊಟ್ಟಿಯ ಹಂಚಿನ ಮೇಲೆ ಸಗಣಿಯಿಂದ ಮಾಡಿದ ಗೊಂಬೆ ಗುರ್ಜಿಯನ್ನು ಇಟ್ಟು, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುವುದು, ಮನೆಯವರು ಹಂಚಿನ ಮೇಲೆ ನೀರು ಹಾಕುವುದು, ಹಾಕಿದರೆ ಮಳೆ. ಈ ಸಲ ಹಾಕಲು ಯಾರ ಮನೆಯಲ್ಲೂ ನೀರಿಲ್ಲವೆಂದು ಹೊರುವವರೂ ಹೊರಡಲಿಲ್ಲ.

"ಹೌದ್ರೀ ಅತ್ತೀ" ಎಂದಳು ಶಿವಕಾಂತಾ, ಕಿವಿ ಅಲ್ಲಿಲ್ಲದೆ. ಆಮೇಲೆ ಆ ಒಂದು "ಹೌದ್ರೀ"ಗಾಗಿ ಅವಳು ಬಹಳ ಪಶ್ಚಾತ್ತಾಪ ಪಟ್ಟಳು.

ಮರುದಿನ ಪರೀಕ್ಷೆಯ ಪೇಪರು ತಿದ್ದಿ, ಬಿಸಿಲಿಗೆ ತಲೆಗೆ ಸೆರಗು ಸುತ್ತಿಕೊಂಡು ಮಿಲ್ಲಿಗೆ ಬಂದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಓಣಿಯ ಹೆಂಗಸರೆಲ್ಲ ತಂಬಿಗೆ, ಚರಿಗೆ ಹಿಡಿದು ಸಾಲಾಗಿ ನಿಂತಿದ್ದರು. ಮುಂದೆ ಶಿವಗಂಗಾಬಾಯಿ. ದೋಣಿಯೊಳಗೆ ಕಾಶೆಪ್ಪ ಕೂಡಿಸಿದ್ದ ಉಕ್ಕಿನ ತೊಟ್ಟಿ, ಬೇಳೆ ನೆನೆಹಾಕುತ್ತಿದ್ದ ಮಿಲ್ಲಿನ ಹಳೆಯ ತೊಟ್ಟಿ, ಆಗಲೇ ಅರ್ಧ ತುಂಬಿತ್ತು. ಸ್ವತಃ ಕಾಶೆಪ್ಪನೂ ಬರಿಗಾಲಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಪೂಜಾರಿಯ ಗತ್ತಿನಲ್ಲಿ ತೊಟ್ಟಿಯ ಪಕ್ಕ ನಿಂತಿದ್ದ.

"ಅತ್ತೀ, ಇದೇನ್ರೀ?"

"ನಿನಗ ನೀರು ಬೇಕಾಗಿತ್ತಲ್ಲ, ತಂದೀವಿ. ಒಬ್ಬೊಬ್ರು ಒಂದೊಂದು ತಂಬಿಗಿ. ಒಬ್ರಿಗೂ ಭಾರಿಲ್ಲ. ತಲವಾರು ಕುಡೀಲಿ, ಮಳಿ ಬರ್ಲಿ."

"ಮಳಿ? ಅತ್ತೀ, ಇದು ನಾಟಕ. ಇದು ಪ್ಲೈವುಡ್ಡಿನ ತಲವಾರು!"

"ದೇವ್ರೂ ಕಲ್ಲೇ ಅಲ್ಲೇನು? ಕಲ್ಲಂತ ನಾವು ನೀರು ಹಾಕೂದು ಬಿಟ್ಟೀವೇನು?"

ಸಾಲಿನಲ್ಲಿದ್ದವರು ಹೌದೌದೆಂದರು. ಶಿವಕಾಂತಾ ಸುತ್ತ ನೋಡಿದಳು. ಕತ್ತಲೆಯ ಕೋಣೆ. ನೆಲದಲ್ಲಿ ಬೆಂಕಿಯ ಕುಳಿ. ಬಾಗಿಲಿಗೆ ದಪ್ಪ ಹಗ್ಗ, ಹಗ್ಗಕ್ಕೆ ಬಿಳಿ ಕಾಗದ. ಎತ್ತರದಲ್ಲಿ ಗೂಡು, ಗೂಡಿನಲ್ಲಿ ಯಾರೋ ಆಗಲೇ ಊದುಬತ್ತಿ ಹಚ್ಚಿದ್ದರು. ಪಕ್ಕದಲ್ಲಿ ಗೋಡೆಗೆ ಒರಗಿಸಿದ ತಲವಾರು. ಅವಳು ಒಂದೊಂದು ಅಂಗುಲವನ್ನೂ ಯೋಚಿಸಿ, ಒಳಗೆ ಕಾಲಿಟ್ಟವರಿಗೆ ತಾನಾಗಿ ದನಿ ತಗ್ಗಬೇಕು ಎಂದು ಕಟ್ಟಿದ್ದಳು. ದನಿ ತಗ್ಗಿತ್ತು. ಚಪ್ಪಲಿಯೂ ಹೊರಗುಳಿದಿತ್ತು. ಕೆಲಸ ಇಷ್ಟು ಸರಿಯಾಗಿ ಆಗಿದ್ದಕ್ಕೆ ಅವಳಿಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು.

ಇನ್ನೂ ನಾಲ್ಕು ಮಾತು ಆಡಬೇಕಿತ್ತು. ಅಷ್ಟರಲ್ಲಿ ಕಾಶೆಪ್ಪ ಒಲೆಯೊಳಗಿನ ಕೆಂಪು ಬಲ್ಬು ಹಚ್ಚಿದ. ಬೆಳಕು ನೀರಿಗೆ ಬಿದ್ದು, ಅಲ್ಲಿಂದ ಎದ್ದು, ಸಾಲಿನಲ್ಲಿ ನಿಂತ ಹೆಂಗಸರ ಮುಖಗಳ ಮೇಲೆ ತೆಳ್ಳಗೆ ನಡುಗತೊಡಗಿತು. ಕಾಗದದ ಮೇಲೆ ಅವಳು ಬರೆದಿದ್ದ ಅದೇ ನಡುಕ, ಅದಕ್ಕಿಂತ ಚೆಂದ. ನಾಡಿದ್ದು ನಾಟಕ, ಆಮೇಲೆ ಹೇಳಿದರಾಯಿತು, ನೀರನ್ನೂ ತಿರುಗಿ ಕೊಟ್ಟರಾಯಿತು ಎಂದುಕೊಂಡಳು.

ಸಾಲಿನ ಕೊನೆಯಲ್ಲಿದ್ದ ಬಾಳಮ್ಮ ತನ್ನ ತಂಬಿಗೆ ಬಗ್ಗಿಸಿ, ಕೊನೆಯ ಹನಿ ಬೀಳುವ ತನಕ ಹಿಡಿದು, ಅವಳ ಹತ್ತಿರ ಬಂದಳು. ಮೂರು ಮನೆಯಾಚೆಯವಳು, ಬೆಳಗಾದರೆ ಟ್ಯಾಂಕರಿನ ಹಿಂದೆ ಓಡುವವಳು.

"ಬಾಯೋರೇ, ನನಗೂ ಮೊದಲು ಖರೇ ಅನ್ನಿಸಿರಲಿಲ್ಲ ನೋಡ್ರಿ. ಶಿವಗಂಗಾಬಾಯಿ ಹಿಂಗೇ ಏನೋ ಹೇಳ್ತಾರಂದೆ. ಆಮ್ಯಾಲ ಅಂದ್ಕೊಂಡೆ, ನೀವು ಸಾಯನ್ಸ್ ಕಲ್ತಾಕಿ. ನೀವೇ ಮಾಡ್ಲತ್ತೀರಂದ್ರ ಅದರಾಗ ಏನರೆ ಇರ್ಬೇಕು. ಎಂದು ಬರ್ತದ್ರೀ ಮಳಿ?"

ಶಿವಕಾಂತಾ ತೊಟ್ಟಿಯತ್ತ ತಿರುಗಿದಳು. ಹದಿನೈದು ವರ್ಷ ಹುಡುಗರಿಗೆ ಒಂದೇ ಪಾಠ ಹೇಳಿದ್ದಳು: ಕಂಡದ್ದನ್ನು ಹೇಳು, ಕಾಣದ್ದನ್ನು ಹೇಳಬೇಡ. ಈಗ ಅವಳು ಏನೂ ಹೇಳದಿದ್ದರೂ ಅವಳ ಹೆಸರಿನ ಮೇಲೆ ಓಣಿಯ ಕುಡಿಯುವ ನೀರು ತೊಟ್ಟಿಯಲ್ಲಿ ನಿಂತಿತ್ತು. ಆ ತಲವಾರು ಅದರೊಳಗೆ ಇಳಿಯಿತೋ, ಬೆಳ್ಳಿ ಪುಡಿ ಕರಗಿದ ನೀರನ್ನು ದನವೂ ಮೂಸುವುದಿಲ್ಲ.

"ಮಳಿ ಬರಂಗಿಲ್ಲ ಬಾಳಮ್ಮ. ಇದರಿಂದ ಬರಂಗಿಲ್ಲ. ನಿನ್ನ ನೀರು ನೀ ಒಯ್ಯಿ. ಎಲ್ಲಾರೂ ಒಯ್ಯಿರಿ."

ಎಲ್ಲರೂ ನಕ್ಕರು. ಸಂಕೋಚಕ್ಕೆ ಹೀಗೆ ಹೇಳುತ್ತಾಳೆಂದು ತಿಳಿದರು.

"ಕೊಟ್ಟ ನೀರು ತಿರುಗಿ ಒಯ್ತಾರೇನು?" ಎಂದರು ಶಿವಗಂಗಾಬಾಯಿ. "ತಲವಾರು ಕುಡಿದು ಬಿಟ್ಟಿದ್ದು ತೀರ್ಥ. ಅದನ್ನ ಆಮ್ಯಾಲ ಹೊಲದಾಗ ಚೆಲ್ಲೂದು."

"ಚೆಲ್ಲೂದು?" ಶಿವಕಾಂತಾ ತೊಟ್ಟಿಗೆ ಅಡ್ಡ ನಿಂತಳು. "ಕುಡಿಯಲಿಲ್ಲಂದ್ರ?"

"ಕುಡಿಯಲಿಲ್ಲಂದ್ರ ಬರೇ ನೀರು. ಬಾಯಿ ಹಚ್ಚದ ನೀರು ಎಂಜಲೂ ಅಲ್ಲ, ತೀರ್ಥಾನೂ ಅಲ್ಲ. ಆದ್ರ ಯಾಕ ಕುಡ್ಯಂಗಿಲ್ಲ? ಇಷ್ಟು ಬಿಸಲಾಗ?"

ಬಸವಣ್ಣೆಪ್ಪನವರಿಗೆ ಈ ಸುದ್ದಿ ಮೋಂಢಾದಲ್ಲಿ ಮುಟ್ಟಿತು. ಅವರು ಓಡುತ್ತಲೇ ಬಂದರು. ನೀರೆಂದರೆ ಉರಿದುಬೀಳುತ್ತಿದ್ದವರು ತುಂಬಿದ ತೊಟ್ಟಿಯನ್ನು ಕಂಡು ಕೈಮುಗಿದರು.

"ಶಿವಕಾಂತಾ, ನೀ ಅಂದಿದ್ದೇ ಖರೇ. ನೀರು ಬೇಕೇ ಬೇಕು. ಇಡೀ ಊರು ಬರ್ತದ ನೋಡು! ಮನ್ಮಥಪ್ಪಗ ಹೇಳ್ತೀನಿ, ಹಿಡಿಕಿ ತನಕ ಅದ್ದಲಿ."

"ಕಾಕಾ, ಅದ್ದೂದು ಬ್ಯಾಡ. ಅದ್ದಿದ್ರ ಇಷ್ಟೂ ನೀರು ಹಾಳು. ಮಂದಿ ಕುಡ್ಯೂ ನೀರು."

"ನಿನ್ನೆ ಅದ್ದಬೇಕಂದಾಕಿ ನೀನೇ!"

"ನಿನ್ನೆ ಬ್ಯಾಡಂದವರು ನೀವೇ!"

"ನಿನ್ನೆ ನೀರಿರಲಿಲ್ಲ" ಎಂದರು ಬಸವಣ್ಣೆಪ್ಪ, ಇದಕ್ಕಿಂತ ಸರಳವಾದ ತರ್ಕವೇ ಇಲ್ಲವೆಂಬಂತೆ. "ಮಂದಿ ತಲವಾರು ನೀರು ಕುಡ್ಯೂದು ನೋಡ್ಲಿಕ್ಕ ಬರ್ಲತ್ತಾರ. ಅದು ಆಗಲಿಲ್ಲಂದ್ರ ನನ್ನ ನಾಟಕ ಎಲ್ಲಿ ಉಳೀತು?"

ಅದೂ ನಿಜ. ಕಮ್ಮಾರ, ನರಿ, ಅರಸ, ಎಲ್ಲರೂ ಆ ಒಂದು ಕ್ಷಣಕ್ಕೇ ಕಾದಿದ್ದರು. ಅವಳೂ ಕಾದಿದ್ದಳು. ತಿಂಗಳುಗಟ್ಟಲೆ ಕಟ್ಟಿದ್ದೇ ಅದಕ್ಕಾಗಿ. ತೊಟ್ಟಿಯ ಮೇಲೆ ಶುಭ್ರವಾದ ಪಂಚೆ ಮುಚ್ಚಿಸಿ ಮನೆಗೆ ಬಂದಳು.

ಮನೆಯಲ್ಲಿ ರೊಟ್ಟಿ ತಟ್ಟುತ್ತ, ಹಂಚು ಕಾಯ್ದಿದೆಯೇ ಎಂದು ನೋಡಲು ರೂಢಿಯಂತೆ ಬೆರಳಿನಿಂದ ನಾಲ್ಕು ಹನಿ ಸಿಡಿಸಿದಳು. ಚುಂಯ್ ಎಂದಿತು. ಮತ್ತೊಮ್ಮೆ ಸಿಡಿಸಿದಳು. ಹನಿಗಳು ಮುತ್ತಿನಂತೆ ಹೊರಳಾಡಿ, ಸಣ್ಣ ಹೊಗೆಯಾಗಿ ಎದ್ದು ಹೋದವು. ಈ ಚುಂಯ್‌ಗೂ ಕಾಯ್ದ ಖಡ್ಗದ ಚುಂಯ್‌ಗೂ ಏನು ಭೇದ? ಒಂದೇ ಉಷ್ಣ, ಒಂದೇ ಆವಿ. ಪಕ್ಕದಲ್ಲಿ ಮೈಕು ಹಿಡಿದರೆ ಮಿಲ್ಲಿನ ತಗಡೆಲ್ಲ ನಡುಗುತ್ತದೆ. ತೊಟ್ಟಿಯ ನೀರು ಬೆಳಕಿಗಿರಲಿ. ದೋಣಿಯ ಅಂಚು ಎತ್ತರ; ತಲವಾರು ಅಂಚಿನ ಕೆಳಗೆ ಇಳಿದರೆ ಸಾಕು, ನೀರನ್ನು ಮುಟ್ಟಿತೋ ಇಲ್ಲವೋ ನೋಡುವವರಿಗೆ ಕಾಣದು.

ರೊಟ್ಟಿ ಸೀದುಹೋಯಿತು. ಅತ್ತೆ ಬೈದರು.

ಮರುದಿನ ಅವಳು ಯಾರಿಗೂ ಹೇಳದೆ, ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ, ದೋಣಿಯ ಒಳಗೆ ಗೋಡೆಯಿಂದ ಗೋಡೆಗೆ ಅಡ್ಡಪಟ್ಟಿ ಹೊಡೆದಳು. ಸಾಗವಾನಿಯ ಪಟ್ಟಿ, ಎರಡೂ ಕಡೆ ಉದ್ದ ಮೊಳೆ. ಮನ್ಮಥಪ್ಪನವರನ್ನು ಕರೆದು, "ಕಾಕಾ, ತಲವಾರು ಇಷ್ಟಕ್ಕ ನಿಲ್ಸಬೇಕು" ಎಂದು ತೋರಿಸಿದಳು. ಅವರು ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಬಸವಣ್ಣೆಪ್ಪ ಬಂದು ಏನೋ ಕಿವಿಯಲ್ಲಿ ಹೇಳಿದಾಗಲೂ ಅಷ್ಟೇ ಗಂಭೀರವಾಗಿ ತಲೆಯಾಡಿಸುವುದು ಕಂಡಿತು.

ನಾಟಕದ ಸಂಜೆ ಮಿಲ್ಲು ತುಂಬಿ, ಜನ ಅಂಗಳದಲ್ಲಿ, ಮಾಳಿಗೆಯ ಮೇಲೆ, ಖಾಲಿ ಚೀಲಗಳ ಮೇಲೆ ಕುಳಿತರು. ಹೆಂಗಸರು ಮುಂದೆ. ಎಲ್ಲರ ಚಪ್ಪಲಿಯೂ ಹೊರಗೆ. ನರಿ ಬಂದಾಗ ಎಲ್ಲರೂ ಕೈಮುಗಿದರು. ಮದುವೆಯ ಕುದುರೆಯ ಮುಖವಾಗಿದ್ದರೂ ಯಾರೂ ತಕರಾರು ಮಾಡಲಿಲ್ಲ. ಶಿವಕಾಂತಾ ದೋಣಿಯ ಪಕ್ಕದ ಪರದೆಯ ಹಿಂದೆ ಗ್ಯಾಸಿನ ಒಲೆ ಹಚ್ಚಿ, ಮನೆಯ ಹಂಚನ್ನು ಕೆಂಪಗೆ ಕಾಯಿಸಿ, ಮೈಕನ್ನು ಹತ್ತಿರ ಹಿಡಿದು, ಸೌಟಿನಲ್ಲಿ ನೀರು ತೆಗೆದುಕೊಂಡು ಕೂತಿದ್ದಳು. ಬೆವರು ಕಣ್ಣಿಗೆ ಇಳಿಯುತ್ತಿತ್ತು.

ಕೊನೆಯ ದೃಶ್ಯ. ಬೆಂಕಿಯ ಬೆಳಕು ನೀರಿನಿಂದೆದ್ದು ಮನ್ಮಥಪ್ಪನವರ ದಪ್ಪ ಮುಖದ ಮೇಲೆ ನಡುಗಿತು. ಒಂದು ಗಳಿಗೆ ಅವರು ಮನ್ಮಥಪ್ಪನಾಗಿರಲಿಲ್ಲ. ಕೊನೆಯ ಕೆಲಸಕ್ಕೆ ನಿಂತ ಮುದುಕನಾಗಿದ್ದರು. ತಲವಾರು ಎತ್ತಿದರು, ನರಿಯತ್ತ ನೋಡಿದರು, ಇಳಿಸಿದರು. ಶಿವಕಾಂತಾ ಹಂಚಿನ ಮೇಲೆ ನೀರು ಹಾಕಿದಳು.

ಚುಂಯ್!

ಮಿಲ್ಲಿನ ತಗಡು ಗುಂಯ್‌ಗುಟ್ಟಿತು. ಹೊಗೆ ಎದ್ದಿತು. ಮುಂದೆ ಕುಳಿತವರು "ಶಿವಶಿವಾ" ಎಂದರು. ಆದರೆ ಮನ್ಮಥಪ್ಪ ನಿಲ್ಲಿಸಲಿಲ್ಲ. ಬಸವಣ್ಣೆಪ್ಪನವರ ಮಾತೂ ನೆನಪಿತ್ತಲ್ಲ, ಹಿಡಿಕೆಯ ತನಕ ಅದ್ದಲು ಒತ್ತಿದರು. ಪಟ್ಟಿ ತಡೆಯಿತು. ಮತ್ತೆ ಒತ್ತಿದರು. ಎರಡೂ ಕೈ ಹಚ್ಚಿ, ಮೊಣಕಾಲೂರಿ, ಮರಾಠಿಯ ಘನವಾದ ಸಂಭಾಷಣೆಯ ನಡುವೆ ಅಚ್ಚ ಕನ್ನಡದಲ್ಲಿ, "ಯಾವ ಹುಚ್ಚಪ್ಯಾಲಿ ಇಲ್ಲಿ ಕಟಗಿ ಹೊಡೆದಾನ!" ಎಂದು ಗೊಣಗಿದರು. ಮೈಕು ಚಾಲೂ ಇತ್ತು. ಶಿವಕಾಂತಾ ಬೇರೇನೂ ತೋಚದೆ ಹಂಚಿನ ಮೇಲೆ ಸೌಟು ಸೌಟು ನೀರು ಹಾಕಿದಳು. ಚುಂಯ್, ಚುಂಯ್, ಚುಂಯ್. ಪರದೆ ಬಿತ್ತು.

"ಕುಡೀತು! ತಲವಾರು ನೀರು ಕುಡೀತು!" ಜನ ಎದ್ದು ನಿಂತಿದ್ದರು.

ಶಿವಕಾಂತಾ ಪರದೆ ಸರಿಸಿ, ತಲವಾರು ಹಿಡಿದು ಮುಂದೆ ಬಂದಳು. "ಕುಡಿದಿಲ್ಲ. ನೀರು ಮುಟ್ಟೇ ಇಲ್ಲ. ಅತ್ತೀ, ಬರ್ರಿ. ಬೆರಳು ಹಸಿ ಮಾಡಿ ಇದಕ್ಕ ಹಚ್ಚಿ ನೋಡ್ರಿ."

ಶಿವಗಂಗಾಬಾಯಿ ಬೆರಳಿಗೆ ಉಗುಳು ಹಚ್ಚಿ ತಲವಾರಿನ ಮೇಲೆ ಎಳೆದರು. ಬೆಳ್ಳಿ ಬಣ್ಣ ಬೆರಳಿಗೆ ಬಂತು. ತಲವಾರಿನ ಮೇಲೆ ಪ್ಲೈವುಡ್ಡಿನ ಗೆರೆ ಮೂಡಿತು. ಉಳಿದ ಬೆಳ್ಳಿ ತುದಿಯ ತನಕ ಹಾಗೇ ಇತ್ತು.

"ನೀರು ಮುಟ್ಟಿದ್ರ ಬಣ್ಣೆಲ್ಲಾ ಹೋಗ್ತಿತ್ತು" ಎಂದಳು ಶಿವಕಾಂತಾ. ಕಾಶೆಪ್ಪನ ಸೋಮಾರಿತನಕ್ಕೆ ಮೊದಲ ಸಲ ಅವಳು ಋಣಿಯಾಗಿದ್ದಳು.

"ಕುಡಿದಿಲ್ಲ" ಎಂದು ಶಿವಗಂಗಾಬಾಯಿ ತಿರುಗಿ ತೀರ್ಪು ಕೊಟ್ಟರು.

"ಮತ್ತ ಆ ಚುಂಯ್ ಅಂದದ್ದು?" ಬಾಳಮ್ಮ ಕೇಳಿದಳು.

"ಅದು ಹಂಚು. ಬರ್ರಿ, ನೋಡ್ರಿ. ನಾನೇ ಹಂಚು ಕಾಸಿ ನೀರು ಹಾಕಿದ್ದು. ನಾ ಆವಾಗಿನಿಂದ ಹೇಳ್ಲತ್ತೀನಿ, ಇದು ನಾಟಕ, ಇದರಾಗ ಮಳಿ ಇಲ್ಲ. ಖರೇ ತಿಳೀಲಿ ಅಂತ ಎಲ್ಲಾ ಬಿಚ್ಚಿ ತೋರಸ್ಲತ್ತೀನಿ. ಇದು ಹಂಚು, ಇದು ನೀರು, ಇದು ಸೌಟು."

ಶಿವಗಂಗಾಬಾಯಿ ಪರದೆಯ ಹಿಂದೆ ಬಗ್ಗಿ ನೋಡಿದರು. ಮನೆಯ ಹಂಚು. ಅದರ ಮೇಲೆ ಇನ್ನೂ ಆಡುತ್ತಿದ್ದ ಎರಡು ಹನಿ. ಅವರ ಮುಖ ಮೆಲ್ಲಗೆ ಅರಳಿತು.

"ಹಂಚಿನ ಮ್ಯಾಲ ನೀರು ಹಾಕಿದೀ?"

"ಹೌದ್ರೀ ಅತ್ತೀ" ಎಂದಳು ಶಿವಕಾಂತಾ. ಎಂದ ಮೇಲೆ, ಎಲ್ಲಿ ಬಿದ್ದೆನೆಂದು ಅವಳಿಗೆ ತಿಳಿಯಿತು.

"ಗುರ್ಜಿ ಆತು!" ಶಿವಗಂಗಾಬಾಯಿ ಹೊರಗೆ ಬಂದು ಎರಡೂ ಕೈ ಎತ್ತಿದರು. "ನನ್ನ ಸೊಸಿ ಇಡೀ ಊರಿನ ಪರವಾಗಿ ಹಂಚಿಗಿ ನೀರು ಹಾಕ್ಯಾಳ! ತಲವಾರು ಯಾಕ ಕುಡೀಲಿಲ್ಲ, ಈಗ ತಿಳೀತೇನು? ಅದಕ್ಕ ಗೊತ್ತಿತ್ತು!"

"ಅತ್ತೀ, ಅದು ಆವಾಜಿಗೆ..."

"ಯಾವುದಕ್ಕರೆ ಹಾಕು. ಬಿದ್ದಿದ್ದು ಹಂಚಿನ ಮ್ಯಾಲ ಹೌದಲ್ಲೋ?"

ಅದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಹೆಂಗಸರು ತಂಬಿಗೆ ತರಲು ಮನೆಗಳತ್ತ ಓಡಿದ್ದರು. ಬಾಯಿ ಹಚ್ಚದ ನೀರು, ಎಂಜಲೂ ಅಲ್ಲ, ತೀರ್ಥವೂ ಅಲ್ಲ. ಮಳೆಯ ಕೆಲಸವೂ ಬೇರೆ ಕಡೆ ಆಗಿದೆ. ಇನ್ನು ಒಯ್ಯಲು ಏನಡ್ಡಿ? ಬಂದವರೇ ತೊಟ್ಟಿಯ ಸುತ್ತ ನೆರೆದು, ನಾನು ತಂದದ್ದು ದೊಡ್ಡ ತಂಬಿಗೆ, ನೀನು ತಂದದ್ದು ಅರ್ಧ ತಂಬಿಗೆ ಎಂದು ಜಗಳಾಡುತ್ತ ತುಂಬಿಕೊಂಡರು. ಬಾಳಮ್ಮ ತುಂಬಿದ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುವಾಗ, "ಹಂಗಾದ್ರ ಇನ್ನ ಬರ್ತದ್ರಿ ಬಾಯೋರೇ" ಎಂದು ಅವಳಿಗೇ ಧೈರ್ಯ ಹೇಳಿದಳು.

ತೊಟ್ಟಿ ಬರಿದಾಗುತ್ತ ಬಂದಂತೆ ಗೋಡೆಯ ಮೇಲಿನ ಬೆಳಕು ಕುಗ್ಗಿ, ಕೊನೆಗೆ ಒಂದು ತೇವದ ಚುಕ್ಕೆಯಾಗಿ ನಿಂತಿತು. ಬಸವಣ್ಣೆಪ್ಪ ಮೂಲೆಯಲ್ಲಿ ಕುಳಿತು, ತಮ್ಮ ನಾಟಕ ಗೆದ್ದಿತೋ ಸೋತಿತೋ ಎಂದು ಮನ್ಮಥಪ್ಪನವರನ್ನು ಕೇಳುತ್ತಿದ್ದರು. ಮನ್ಮಥಪ್ಪ ನೊಂದ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು.

ಕಾಶೆಪ್ಪ ತಲವಾರನ್ನು ಎತ್ತಿ, ಶಿವಗಂಗಾಬಾಯಿಯ ಬೆರಳಿನ ಗೆರೆಯನ್ನು ನೋಡಿ ನಾಲಗೆ ಕಚ್ಚಿಕೊಂಡ.

"ಬಾಯಿ, ನಾಳಿ ಇದಕ್ಕ ಎಣ್ಣಿ ಬಣ್ಣ ಹಚ್ಲೇನ್ರೀ?"

ಶಿವಕಾಂತಾ ಅವನನ್ನು ನೋಡಿದಳು. ಸೌಟಿನಲ್ಲಿ ಇನ್ನೂ ಒಂದು ಗುಟುಕು ನೀರು ಉಳಿದಿತ್ತು. ಅದನ್ನು ತಾನೇ ಕುಡಿದುಬಿಟ್ಟಳು. ಇಷ್ಟೆಲ್ಲ ಗದ್ದಲದಲ್ಲಿ ನೀರು ಕುಡಿದವಳು ಅವಳೊಬ್ಬಳೇ.